ಛಾಯಾಚಿತ್ರವನ್ನು ನೋಡಿ ಹೂನೊಣಗಳನ್ನು ಗುರುತಿಸುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಕೈತೋಟಗಳಲ್ಲಿ ಕಂಡ ಹುಳುಹುಪ್ಪಟೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ನಮಗೆ ಕಳುಹಿಸಿ, ಅವುಗಳ ಹೆಸರನ್ನು ತಿಳಿಸಬೇಕೆಂದು ಕೇಳುತ್ತಾರೆ. ಶಾಲೆಯನ್ನು ಬಿಟ್ಟ ಮೇಲೆಯೂ ಕೇಳಿ ತಿಳಿಯುವ ಬುದ್ಧಿಯು ಅವರನ್ನು ಬಿಟ್ಟಿಲ್ಲವೆಂಬುದು ನಮಗೆ ಬಹು ಸಂತೋಷದ ಸಂಗತಿ. ಹೀಗೆ ಬರುವ ಚಿತ್ರಗಳಲ್ಲಿ ಒಂದು ಬಗೆಯ ಕೀಟವು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅದರ ಕೆಳಗೆ ಒಬ್ಬರು ಜೇನುನೊಣವೆಂದೂ ಮತ್ತೊಬ್ಬರು ಕಣಜವೆಂದೂ ಬರೆದಿರುತ್ತಾರೆ. ಅದು ಜೇನೂ ಅಲ್ಲ, ಕಣಜವೂ ಅಲ್ಲ, ಹೂನೊಣ. ಈ ಸಂಚಿಕೆಯಲ್ಲಿ ಆ ಹೂನೊಣವನ್ನೇ ಪಾಠದ ವಸ್ತುವನ್ನಾಗಿ ಮಾಡಿಕೊಂಡು, ಚಿತ್ರವೊಂದರಿಂದ ಎಷ್ಟನ್ನು ತಿಳಿಯಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ವಿವರಿಸಲು ಯತ್ನಿಸಿದ್ದೇವೆ. ಪಾಠವು ಸಣ್ಣ ಕೀಟವೊಂದರದ್ದಾದರೂ ಅದರಿಂದ ಕಲಿಯತಕ್ಕ ಅಭ್ಯಾಸವು ಸಣ್ಣದಲ್ಲ.

ಹೂನೊಣವೆಂದರೆ ಯಾವುದು?

ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ ಇವುಗಳು ಹೂಬಿಟ್ಟ ಪಾತಿಯ ಬಳಿ ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಗಾಳಿಯಲ್ಲಿ ದಾರದಿಂದ ತೂಗಹಾಕಿದಂತೆ ಅಲುಗದೆ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕಕ್ಕೆ ಸರಿದು, ಮರಳಿ ಮೊದಲಿದ್ದ ಸ್ಥಳದಲ್ಲಿಯೇ ಬಂದು ನಿಲ್ಲುವ ಕೀಟವು ಕಾಣಿಸುವುದು. ಇಂಗ್ಲಿಷಿನಲ್ಲಿ ಇದನ್ನು ಹೋವರ್‌ಫ್ಲೈ ಎನ್ನುವರು. ಶಾಸ್ತ್ರದಲ್ಲಿ ಇವುಗಳ ಕುಟುಂಬಕ್ಕೆ ಸಿರ್ಫಿಡೇ ಎಂದು ಹೆಸರು. ಹೂವುಗಳ ಮಕರಂದವನ್ನೂ ಪರಾಗವನ್ನೂ ತಿಂದು ಬದುಕುವುದರಿಂದ ನಾವು ಇಲ್ಲಿ ಹೂನೊಣವೆಂದೇ ಕರೆಯುತ್ತೇವೆ. ಪ್ರಪಂಚದಲ್ಲಿ ಆರು ಸಾವಿರಕ್ಕೂ ಮಿಕ್ಕ ಪ್ರಭೇದಗಳು ಇದುವರೆಗೆ ತಿಳಿದುಬಂದಿವೆ. ಭಾರತ ಉಪಖಂಡದಲ್ಲಿಯೇ ಮುನ್ನೂರಕ್ಕೆ ಮೇಲ್ಪಟ್ಟು ಇವೆ.

ನಮ್ಮ ಭಾಷೆಯು ಜೇನನ್ನೂ ಜೇನುನೊಣವೆಂದು ಕರೆಯುವುದರಿಂದ ಹೂನೊಣವು ಅದರ ಸಮೀಪದ ಬಂಧುವೆಂದು ಮಕ್ಕಳು ತಿಳಿಯುವುದು ಸಹಜ. ಶಾಸ್ತ್ರದೃಷ್ಟಿಯಿಂದ ಜೇನು ನೊಣವಲ್ಲ. ಜೇನಿಗೂ ಕಣಜಕ್ಕೂ ನಾಲ್ಕು ರೆಕ್ಕೆಗಳು, ನೊಣಕ್ಕೆ ಎರಡೇ. ನೊಣದ ಹಿಂದಿನ ಜೊತೆ ರೆಕ್ಕೆಗಳಿರಬೇಕಾದ ಸ್ಥಳದಲ್ಲಿ ಗುಂಡುತಲೆಯ ಎರಡು ಸಣ್ಣ ಕಡ್ಡಿಗಳಿದ್ದು, ಹಾರುವಾಗ ಮೈಯ ತೂಕವನ್ನು ಸರಿಯಾಗಿರಿಸಿಕೊಳ್ಳಲು ನೆರವಾಗುತ್ತವೆ. ಜೇನಿನ ಕುಡಿಮೀಸೆಗಳು ಉದ್ದವಾಗಿ ಮೊಣಕೈಯಂತೆ ಬಾಗಿರುವುವು; ಹೂನೊಣದವು ಬಹುತೇಕ ಗಿಡ್ಡವಾಗಿ, ಪಕ್ಕದಲ್ಲಿ ಒಂದು ಎಳೆಕೂದಲನ್ನು ಹೊತ್ತಿರುವುವು. ಹೂನೊಣದ ತಲೆಯ ಬಹುಭಾಗವು ಕಣ್ಣುಗಳಿಂದಲೇ ತುಂಬಿರುವುದು. ಅದಕ್ಕೆ ಕೊಂಡಿಯಿಲ್ಲ. ಕೊಂಡಿಯುಳ್ಳ ಕೀಟಗಳ ವೇಷವನ್ನು ಹಾಕಿಕೊಂಡು, ಹಕ್ಕಿಗಳು ತನ್ನನ್ನು ಮುಟ್ಟದಂತೆ ಮಾಡಿಕೊಂಡು ಬದುಕುವ ನಿರಪಾಯ ಪ್ರಾಣಿ ಇದು.

ಪುರಾತನರ ಒಂದು ತಪ್ಪು

ಈ ವೇಷವು ಮನುಷ್ಯರನ್ನೂ ಬಹುಕಾಲ ಮರುಳುಮಾಡಿತು. ಸತ್ತ ಎತ್ತಿನ ದೇಹದಿಂದ ಜೇನುಹುಳುಗಳು ಹುಟ್ಟುವುವೆಂದು ಪುರಾತನ ಗ್ರೀಕರೂ ರೋಮನರೂ ನಂಬಿದ್ದರು. ರೋಮನ್ ಕವಿ ವರ್ಜಿಲನು ತನ್ನ ಕೃಷಿಕಾವ್ಯದ ನಾಲ್ಕನೆಯ ಭಾಗದಲ್ಲಿ ಹಾಗೆ ಜೇನನ್ನು ಹುಟ್ಟಿಸುವ ವಿಧಾನವನ್ನೇ ವರ್ಣಿಸಿದ್ದಾನೆ. ೧೮೯೪ರಲ್ಲಿ ಓಸ್ಟೆನ್ ಸಾಕೆನ್ ಎಂಬ ನೊಣಶಾಸ್ತ್ರಜ್ಞನು ಈ ವಿಷಯವನ್ನೇ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿ, ಪುರಾತನರು ಕಂಡದ್ದು ಜೇನನ್ನಲ್ಲ, ಎರಿಸ್ಟಾಲಿಸ್ ಟೆನಾಕ್ಸ್ ಎಂಬ ಹೂನೊಣವನ್ನು, ಎಂದು ವಾದಿಸಿದನು. ಈ ನೊಣದ ಮರಿಹುಳು ಕೊಳೆತ ವಸ್ತುಗಳಿಂದ ಕೂಡಿದ ಗಬ್ಬುನೀರಿನಲ್ಲಿ ಬೆಳೆಯುತ್ತದೆ. ಬಾಲದಂತಿರುವ ಉದ್ದವಾದ ಕೊಳವೆಯೊಂದನ್ನು ನೀರಿನ ಮೇಲ್ಮೈಗೆ ಚಾಚಿ ಉಸಿರಾಡುತ್ತದೆ. ಬೆಳೆದು ಹೊರಬಂದ ನೊಣವಾದರೋ ಗಂಡು ಜೇನಿನ ಪಡಿಯಚ್ಚಿನಂತಿರುತ್ತದೆ.

ಸಂಸೋನನು ಸಿಂಹದ ಹೆಣದೊಳಗೆ ಜೇನುಹುಳುಗಳನ್ನು ಕಂಡ ಸಂಗತಿಯು ನ್ಯಾಯಸ್ಥಾಪಕರ ಪುಸ್ತಕದ ೧೪ನೆಯ ಅಧ್ಯಾಯದಲ್ಲಿರುವುದನ್ನು ನಮ್ಮ ವಾಚಕರು ಬಲ್ಲರು. ಅದನ್ನೂ ಇದರೊಂದಿಗೆ ಸೇರಿಸಿ ಹೇಳುವವರುಂಟು. ಆದರೆ ಅಲ್ಲಿ ಜೇನುತುಪ್ಪವೂ ಹೇಳಲ್ಪಟ್ಟಿದೆ. ಹೂನೊಣವು ತುಪ್ಪವನ್ನು ಕೂಡಿಸದು. ಆದಕಾರಣ ಎರಡನ್ನೂ ಒಂದೇ ಎಂದು ಬಿಡುವುದು ಇನ್ನೊಂದು ಅವಸರದ ತೀರ್ಮಾನವಾದೀತು.

ವರ್ಜಿಲನ ಕಾಲದವರು ದಡ್ಡರಾಗಿರಲಿಲ್ಲ. ಒಟ್ಟು ರೂಪವನ್ನು ನೋಡಿ ಹೆಸರಿಟ್ಟರು; ರೆಕ್ಕೆಗಳನ್ನು ಎಣಿಸಲಿಲ್ಲ. ಇಂದು ನಮ್ಮ ಕೈಯಲ್ಲಿ ಕ್ಯಾಮರಾ ಇದ್ದರೂ, ಒಟ್ಟು ರೂಪಕ್ಕೆ ಮರುಳಾಗಿ ಹೆಸರಿಡುವ ಆಸೆಯು ಅಷ್ಟೇ ಬಲವಾಗಿದೆ.

ಹೆಸರಿನಿಂದ ಪ್ರಯೋಜನವೇನು?

ಹೆಸರು ತಿಳಿದರೆ ಮನೆಗೇನು ಲಾಭ ಎಂದು ತಾಯಂದಿರು ಕೇಳಿಯಾರು. ಅವರೆಯ ಚಿಗುರಿನ ಮೇಲೂ ಅಲಸಂದೆಯ ಬಳ್ಳಿಯ ಮೇಲೂ ಕಪ್ಪಗೆ ಮುತ್ತಿಕೊಳ್ಳುವ ಸಸ್ಯಹೇನುಗಳನ್ನು ಅವರು ನೋಡಿಯೇ ಇದ್ದಾರೆ. ಆ ಹೇನುಗಳ ನಡುವೆ ಕಾಲಿಲ್ಲದ, ಮುಂದಕ್ಕೆ ಚೂಪಾಗಿ ಹಿಂದಕ್ಕೆ ದಪ್ಪವಾಗಿರುವ, ಹಸುರು ಇಲ್ಲವೆ ಮಾಸಲು ಬಣ್ಣದ ಹುಳುವೊಂದು ಮೆಲ್ಲನೆ ಹರಿದಾಡುತ್ತಿರುವುದುಂಟು. ಅದು ಗಿಡವನ್ನು ತಿನ್ನುವ ಹುಳುವೆಂದು ತಿಳಿದು ಚಿವುಟಿ ಹಾಕುವರು. ಅದು ಹೂನೊಣದ ಮರಿ. ಅದರ ಆಹಾರ ಎಲೆಯಲ್ಲ, ಹೇನು. ಕೋಶಾವಸ್ಥೆಗೆ ಹೋಗುವುದರೊಳಗಾಗಿ ಒಂದೊಂದು ಮರಿಯೂ ನೂರಾರು ಹೇನುಗಳನ್ನು ಹೀರಿ ಮುಗಿಸಬಲ್ಲದು. ಎಲೆ ತಿನ್ನುವ ಕಂಬಳಿಹುಳುವಿಗೂ ಇದಕ್ಕೂ ಭೇದವನ್ನು ತಿಳಿಯುವುದು ಸುಲಭ: ಕಂಬಳಿಹುಳುವಿಗೆ ಸ್ಪಷ್ಟವಾದ ತಲೆಯೂ ಕಾಲುಗಳೂ ಉಂಟು, ಇದಕ್ಕೆ ಎರಡೂ ಕಾಣವು. ಹೇನಿನ ಗುಂಪಿನ ಬಳಿ ಬಿಡಿಬಿಡಿಯಾಗಿ ಇಟ್ಟ ಬಿಳಿಯ ಸಣ್ಣ ಮೊಟ್ಟೆಗಳೂ, ಎಲೆಗೆ ಅಂಟಿಕೊಂಡ ನೀರಹನಿಯ ಆಕಾರದ ಕೋಶಗಳೂ ಇದೇ ಕುಟುಂಬದ್ದಾಗಿರಬಹುದು. ಹಾಗಿದ್ದಲ್ಲಿ ಔಷಧಿ ಸಿಂಪಡಿಸಲು ಅವಸರಪಡಬಾರದು. ಸಿಂಪಡಿಸಿದರೆ ಹೇನಿನೊಡನೆ ಹೇನಿನ ವೈರಿಯೂ ಸಾಯುವುದು.

ಆದರೆ ಎಲ್ಲ ಹೂನೊಣಗಳ ಮರಿಗಳೂ ಹೇನನ್ನು ತಿನ್ನುವುದಿಲ್ಲ. ಎರಿಸ್ಟಾಲಿಸಿನ ಮರಿಯು ಕೊಳಚೆಯಲ್ಲಿ ಬೆಳೆಯುವುದೆಂದು ಮೇಲೆ ಹೇಳಿದೆವು. ಆದುದರಿಂದ ಹೂನೊಣವೆಂಬ ಒಂದು ಮಾತು ಸಾಲದು. ಯಾವ ಹೂನೊಣವೆಂಬುದು ತಿಳಿಯಬೇಕು.

ಇದರ ದೊಡ್ಡ ಉದಾಹರಣೆಯೊಂದು ಬ್ರಿಟನ್ನಿನಿಂದ ದೊರೆಯುತ್ತದೆ. ದಕ್ಷಿಣ ಇಂಗ್ಲೆಂಡಿನ ಆಕಾಶದಲ್ಲಿ ಹಾರಿಹೋಗುವ ಕೀಟಗಳನ್ನು ರಾಡಾರಿನಿಂದ ಹತ್ತು ವರ್ಷಗಳ ಕಾಲ ಗಮನಿಸಿದವರು, ಎರಡು ಪ್ರಭೇದಗಳ ಹೂನೊಣಗಳೇ ವರ್ಷಕ್ಕೆ ನಾನೂರು ಕೋಟಿಯವರೆಗೆ ಅತ್ತಿತ್ತ ವಲಸೆ ಹೋಗುವುವೆಂದು ೨೦೧೯ರಲ್ಲಿ ಪ್ರಕಟಿಸಿದರು. ಅವುಗಳ ಮರಿಗಳು ತಿನ್ನುವ ಹೇನುಗಳನ್ನೂ, ಬೆಳೆದವು ಹೊತ್ತೊಯ್ಯುವ ಪರಾಗವನ್ನೂ ಲೆಕ್ಕಹಾಕಿ ನೋಡಿದರೆ ರೈತನಿಗೆ ಆಗುವ ಸಹಾಯವು ಅಪಾರ. ಆ ಎರಡರಲ್ಲಿ ಒಂದಾದ ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬುದು ನಮ್ಮ ದೇಶದಲ್ಲಿಯೂ ಉಂಟು. ಪ್ರಭೇದವನ್ನು ಗುರುತಿಸಿದವರಿಲ್ಲದಿದ್ದರೆ ಇಂಥ ಲೆಕ್ಕವೇ ಹುಟ್ಟುತ್ತಿರಲಿಲ್ಲ.

ಗುರುತಿಸುವ ಮೆಟ್ಟಿಲುಗಳು

ಚಿತ್ರವು ಕೈಗೆ ಬಂದೊಡನೆ ಪ್ರಭೇದದ ಹೆಸರಿಗೆ ಕೈಹಾಕಬಾರದು. ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಮೊದಲನೆಯ ಮೆಟ್ಟಿಲು: ಇದು ನೊಣವೇ? ರೆಕ್ಕೆಗಳು ಎರಡೋ ನಾಲ್ಕೋ, ಕುಡಿಮೀಸೆ ಗಿಡ್ಡವೋ ಉದ್ದವೋ ಎಂಬುದನ್ನು ನೋಡಬೇಕು.

ಎರಡನೆಯದು: ಇದು ಹೂನೊಣವೇ? ಇದಕ್ಕೆ ರೆಕ್ಕೆಯೇ ಸಾಕ್ಷಿ. ಹೂನೊಣದ ರೆಕ್ಕೆಯ ನಡುವೆ ಉದ್ದಕ್ಕೆ ಹರಿಯುವ, ಎರಡು ತುದಿಗಳಲ್ಲಿಯೂ ಯಾವ ನರಕ್ಕೂ ಕೂಡದ ಮಡಿಕೆಯಂಥ ಗೆರೆಯೊಂದು ಇರುತ್ತದೆ. ಇದು ನಿಜವಾದ ನರವಲ್ಲದ್ದರಿಂದ ಸುಳ್ಳು ನರವೆನ್ನುವರು. ಈ ಕುಟುಂಬದಲ್ಲಿ ಅದು ಇಲ್ಲದ ಪ್ರಭೇದಗಳು ಬಹಳ ಕಡಮೆ. ಅಲ್ಲದೆ, ರೆಕ್ಕೆಯ ಹೊರ ಅಂಚಿಗೆ ಒಳಗಾಗಿ ನರಗಳು ಕೂಡಿ ಇನ್ನೊಂದು ಅಂಚನ್ನು ಹಾಕಿದಂತೆ ಕಾಣುವುದು.

ಮೂರನೆಯದು: ಯಾವ ಗುಂಪು, ಯಾವ ಕುಲ? ರೆಕ್ಕೆಯ ಮೇಲಿನ ಉದ್ದ ನರಗಳಲ್ಲೊಂದು ತುದಿಯನ್ನು ಸೇರುವ ಮುನ್ನ ಆಳವಾಗಿ ಕೆಳಕ್ಕೆ ಬಾಗಿ ಮತ್ತೆ ಮೇಲೇರಿದ್ದರೆ ಅದು ಎರಿಸ್ಟಾಲಿಸಿನ ಬಳಗದ್ದೆಂದು ಎಣಿಸಬಹುದು. ಹಳದಿ ಮುಖ, ಚಪ್ಪಟೆಯಾದ ಹೊಟ್ಟೆ, ಅದರ ಮೇಲೆ ಕಪ್ಪು ಹಳದಿ ಪಟ್ಟೆಗಳು ಇದ್ದರೆ ಹೇನುತಿನ್ನುವ ಬಳಗದ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕು.

ನಾಲ್ಕನೆಯದು: ಗಂಡೋ ಹೆಣ್ಣೋ? ಬಹುಪಾಲು ಹೂನೊಣಗಳಲ್ಲಿ ಗಂಡಿನ ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗುವುವು. ಹೆಣ್ಣಿನ ಕಣ್ಣುಗಳ ನಡುವೆ ಅಂತರವಿರುವುದು. ಹೆಲೋಫಿಲಸ್ ಮೊದಲಾದ ಕೆಲವು ಕುಲಗಳಲ್ಲಿ ಗಂಡಿನ ಕಣ್ಣುಗಳೂ ದೂರವಿರುವುದರಿಂದ ಈ ಮೆಟ್ಟಿಲನ್ನು ಕುಲ ತಿಳಿದ ಮೇಲೆಯೇ ಏರಬೇಕು. ಅನೇಕ ಪ್ರಭೇದಗಳಲ್ಲಿ ಗಂಡಿನ ಲಕ್ಷಣ ಬೇರೆ, ಹೆಣ್ಣಿನ ಲಕ್ಷಣ ಬೇರೆಯಾದುದರಿಂದ ಇದನ್ನು ಬಿಟ್ಟು ಮುಂದೆ ಹೋಗಲಾಗದು.

ಐದನೆಯದು ಮತ್ತು ಕಡೆಯದು: ಪ್ರಭೇದ. ಇಲ್ಲಿಗೆ ಎಲ್ಲ ಚಿತ್ರಗಳೂ ತಲಪುವುದಿಲ್ಲ. ತಲಪಲೇಬೇಕೆಂಬ ಹಟವು ಶಾಸ್ತ್ರಕ್ಕೆ ಒಪ್ಪಿದ್ದಲ್ಲ.

ಚಿತ್ರವು ತೋರಿಸುವುದು, ತೋರಿಸದಿರುವುದು

ಸುಲಭವಾದವುಗಳನ್ನು ಮೊದಲು ಹೇಳುವೆವು. ಡಿಡಿಯೋಪ್ಸಿಸ್ ಏಗ್ರೋಟಾ ಎಂಬ ಹೂನೊಣದ ರೆಕ್ಕೆಗೆ ಅಡ್ಡಲಾಗಿ ಅಗಲವಾದ ಕಪ್ಪು ಛಾಯೆಯಿರುತ್ತದೆ. ರೆಕ್ಕೆ ಬಿಡಿಸಿ ಕುಳಿತ ಒಂದು ಒಳ್ಳೆಯ ಚಿತ್ರವಿದ್ದರೆ ಸಂಶಯಕ್ಕೆ ಅವಕಾಶ ಕಡಮೆ. ಎರಿಸ್ಟಾಲಿಸ್ ಟೆನಾಕ್ಸಿನ ಕಣ್ಣಿನ ಮೇಲೆ ಮೇಲಿಂದ ಕೆಳಕ್ಕೆ ದಟ್ಟ ಕೂದಲಿನ ಎರಡು ಪಟ್ಟೆಗಳಿರುತ್ತವೆ. ಹತ್ತಿರದಿಂದ ತೆಗೆದ ಪಕ್ಕದ ಚಿತ್ರದಲ್ಲಿ ಇವು ಚೆನ್ನಾಗಿ ತೋರುವುವು. ಎಪಿಸಿರ್ಫಸ್ ಬಾಲ್ಟಿಯೇಟಸಿನ ಹೊಟ್ಟೆಯ ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ಒಂದು ದಪ್ಪ ಕಪ್ಪು ಪಟ್ಟೆಯಲ್ಲದೆ, ಮೀಸೆಯ ಗೆರೆಯಂಥ ಇನ್ನೊಂದು ತೆಳು ಪಟ್ಟೆಯೂ ಇರುವುದು. ಯೂರೋಪಿನಲ್ಲಿ ಇಷ್ಟರಿಂದಲೇ ಅದನ್ನು ಹೇಳಬಹುದು. ನಮ್ಮ ಕಡೆಯಲ್ಲಿ ಅದೇ ಕುಲದ ಎಪಿಸಿರ್ಫಸ್ ವಿರಿಡಾರಿಯಸ್ ಎಂಬ ಸೋದರ ಪ್ರಭೇದವೂ ಇರುವುದರಿಂದ ಇನ್ನಷ್ಟು ಎಚ್ಚರ ಬೇಕು. ಒಂದು ದೇಶದಲ್ಲಿ ಸಾಕಾದ ಗುರುತು ಇನ್ನೊಂದು ದೇಶದಲ್ಲಿ ಸಾಲದಿರಬಹುದು. ಪರದೇಶದ ಪುಸ್ತಕವನ್ನು ಇಲ್ಲಿ ಬಳಸುವವರು ಇದನ್ನು ನೆನಪಿನಲ್ಲಿಡಬೇಕು.

ಬಣ್ಣವನ್ನೇ ನಂಬುವವರಿಗೂ ಒಂದು ಮಾತು. ಇದೇ ಬಾಲ್ಟಿಯೇಟಸ್ ಕೋಶದೊಳಗಿದ್ದಾಗ ಚಳಿ ಹೆಚ್ಚಾಗಿದ್ದರೆ ಹೊರಬರುವ ನೊಣದಲ್ಲಿ ಕಪ್ಪು ಹೆಚ್ಚು. ಸೆಕೆಯಿದ್ದರೆ ಹಳದಿ ಹೆಚ್ಚು. ಒಂದೇ ಪ್ರಭೇದದ ಎರಡು ನೊಣಗಳು ಋತುಭೇದದಿಂದ ಬೇರೆ ಬೇರೆಯಾಗಿ ತೋರಬಹುದು. ಆದುದರಿಂದ ಬಣ್ಣಕ್ಕಿಂತ ಗುರುತಿನ ಆಕಾರವನ್ನೂ ಸ್ಥಾನವನ್ನೂ ಹೆಚ್ಚಾಗಿ ಗಮನಿಸಬೇಕು.

ಇನ್ನು ಕಷ್ಟವಾದವು. ಬ್ರಿಟನ್ನಿನಲ್ಲಿ ಸಾಧಾರಣವಾದ ಸಿರ್ಫಸ್ ಕುಲವನ್ನು ನೋಡೋಣ. ಸಿರ್ಫಸ್ ರಿಬೆಸಿಐ, ಸಿರ್ಫಸ್ ವಿಟ್ರಿಪೆನ್ನಿಸ್ ಎಂಬ ಎರಡು ಪ್ರಭೇದಗಳು ಒಂದೇ ಬಟ್ಟೆಯಲ್ಲಿ ಕತ್ತರಿಸಿದಂತೆ ಇವೆ. ಹೆಣ್ಣಾದರೆ ಹಿಂಗಾಲಿನ ತೊಡೆಯನ್ನು ನೋಡಬೇಕು: ರಿಬೆಸಿಐಯಲ್ಲಿ ಅದು ಪೂರ್ತಿ ಹಳದಿ; ವಿಟ್ರಿಪೆನ್ನಿಸಿನಲ್ಲಿ ಬಹುಭಾಗ ಕಪ್ಪು. ಚಿತ್ರದಲ್ಲಿ ಆ ತೊಡೆ ಕಾಣಿಸಿದರೆ ಹೆಸರನ್ನು ಹೇಳಬಹುದು; ರೆಕ್ಕೆಯ ಕೆಳಗೆ ಮರೆಯಾಗಿದ್ದರೆ ಹೇಳಲಾಗದು. ಗಂಡಾದರೆ ಎರಡರ ತೊಡೆಯೂ ಕಪ್ಪು. ಆಗ ರೆಕ್ಕೆಯ ಬುಡದ ಕೋಶವೊಂದನ್ನು ಹೊದೆದ ಅತಿಸೂಕ್ಷ್ಮ ರೋಮಗಳು ಪೂರ್ತಿಯಾಗಿವೆಯೋ ನಡುವೆ ಬರಿದೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊಬೈಲಿನ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅದು ಕಾಣದು. ಅಂಥ ಚಿತ್ರದ ಕೆಳಗೆ ಸಿರ್ಫಸ್ ಕುಲವೆಂದಷ್ಟೇ ಬರೆಯತಕ್ಕದ್ದು. ಅದು ಅರ್ಧ ಉತ್ತರವಲ್ಲ. ಆ ಚಿತ್ರವು ಕೊಡಬಲ್ಲ ಪೂರ್ಣ ಉತ್ತರವೇ ಅದು.

ನಮ್ಮ ತೋಟಗಳಲ್ಲಿ ಕಾಣುವ ಪ್ಯಾರಗಸ್ ಎಂಬ ಅಕ್ಕಿಕಾಳಿನಷ್ಟು ಸಣ್ಣ ಹೂನೊಣಗಳದೂ ಇದೇ ಕಥೆ. ಅವುಗಳಲ್ಲಿ ಅನೇಕ ಪ್ರಭೇದಗಳನ್ನು ಗಂಡಿನ ಜನನಾಂಗದ ರಚನೆಯಿಂದಲೇ ನಿರ್ಧರಿಸಬೇಕಾಗುತ್ತದೆ. ಸ್ಫೀರೋಫೋರಿಯಾ ಕುಲದ ಹೆಣ್ಣುಗಳ ಮುಂದೆ ಎಷ್ಟೋ ವೇಳೆ ನುರಿತವರೂ ಮೌನವಾಗುವರು.

ಹಾಗೆಂದು ಚಿತ್ರವನ್ನು ಕೀಳೆಂದು ಎಣಿಸಬಾರದು. ಎರಿಸ್ಟಾಲಿನಸ್ ಎಂಬ ಕುಲದ ನೊಣಗಳ ಕಣ್ಣುಗಳ ಮೇಲೆ ರಾಗಿಕಾಳು ಚೆಲ್ಲಿದಂತೆ ಚುಕ್ಕೆಗಳಿರುತ್ತವೆ. ಟೀನಿಯಾಪ್ಸ್ ಎಂಬ ಪ್ರಭೇದದಲ್ಲಿ ಚುಕ್ಕೆಗೆ ಬದಲಾಗಿ ಪಟ್ಟೆಗಳು. ಸೂಜಿಗೆ ಚುಚ್ಚಿ ಒಣಗಿಸಿದ ಮಾದರಿಯಲ್ಲಿ ಈ ಅಂದವು ಕ್ರಮೇಣ ಮಾಸಿಹೋಗುವುದು. ಬದುಕಿರುವ ನೊಣದ ಚಿತ್ರವು ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಯಾವ ಹೂವಿನ ಮೇಲೆ ಕುಳಿತಿತ್ತು, ರೆಕ್ಕೆಯನ್ನು ಹೇಗೆ ಇಟ್ಟುಕೊಂಡಿತ್ತು ಎಂಬುದನ್ನೂ ಚಿತ್ರವು ಹೇಳಬಲ್ಲದು. ಡಬ್ಬಿಯಲ್ಲಿರುವ ಮಾದರಿಯು ಹೇಳಲಾರದು. ಆದ್ದರಿಂದಲೇ ಎರಡೂ ಬೇಕು. ೧೯೨೩ರಲ್ಲಿ ಬ್ರುನೆಟ್ಟಿ ಎಂಬವರು ಈ ದೇಶದ ಹೂನೊಣಗಳನ್ನು ವರ್ಣಿಸಿ ದೊಡ್ಡ ಸಂಪುಟವೊಂದನ್ನು ಹೊರತಂದರು. ಅದರಲ್ಲಿನ ಅನೇಕ ಹೆಸರುಗಳು ಬದಲಾಗಿದ್ದರೂ ಅಭ್ಯಾಸಿಗಳು ಈಗಲೂ ಅದನ್ನು ತೆರೆದು ನೋಡುವರು. ಅಂಥ ವರ್ಣನೆಗಳಿಗೆ ಆಧಾರ ಸಂಗ್ರಹಾಲಯಗಳಲ್ಲಿ ಜೋಪಾನಮಾಡಿದ ಮಾದರಿಗಳು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿಯೂ ಕೀಟಗಳ ದೊಡ್ಡ ಸಂಗ್ರಹವಿದೆ.

ಬ್ರಿಟನ್ನಿನಲ್ಲಿ ೧೯೭೬ರಿಂದ ಹೂನೊಣಗಳ ದಾಖಲೆಯನ್ನಿಡುವ ಒಂದು ಯೋಜನೆ ನಡೆದುಬಂದಿದೆ. ಅಲ್ಲಿನ ೨೮೦ಕ್ಕೂ ಹೆಚ್ಚು ಪ್ರಭೇದಗಳ ದಾಖಲೆಗೆ ಮೊದಲಿನಿಂದಲೂ ನೆರವಾದವರಲ್ಲಿ ಬಹುಮಂದಿ ಸಂಬಳವಿಲ್ಲದ ಆಸಕ್ತರು. ಈಚೆಗೆ ಚಿತ್ರದ ಮೂಲಕ ಬರುವ ದಾಖಲೆಗಳು ಬಹಳ ಹೆಚ್ಚಿವೆ. ಇದರಿಂದ ಕಣ್ಣುಗಳ ಸಂಖ್ಯೆ ಹೆಚ್ಚಿತು. ಆದರೆ ಚಿತ್ರದಿಂದ ಸುಲಭವಾಗಿ ಹೇಳಬಹುದಾದ ಪ್ರಭೇದಗಳೇ ಪಟ್ಟಿಯಲ್ಲಿ ತುಂಬಿ, ಕಷ್ಟವಾದವು ಕಡಮೆಯಾದಂತೆ ತೋರುವ ಅಪಾಯವೂ ಉಂಟು. ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲಿಯೂ ಇಲ್ಲವೆಂದು ತಿಳಿಯಬಾರದು.

ಚಿತ್ರವನ್ನು ತೆಗೆಯುವ ಕ್ರಮ

ಗುರುತಿಸಲು ತಕ್ಕ ಚಿತ್ರ ಬೇರೆ, ಗೋಡೆಗೆ ತೂಗಹಾಕುವ ಚಿತ್ರ ಬೇರೆ. ಒಂದೇ ಸುಂದರ ಚಿತ್ರಕ್ಕಿಂತ ಐದಾರು ಸಾಧಾರಣ ಚಿತ್ರಗಳು ಮೇಲು. ಮೊದಲು ದೂರದಿಂದಲೇ ಒಂದನ್ನು ತೆಗೆದುಕೊಳ್ಳಬೇಕು. ನೊಣವು ಹಾರಿಹೋದರೂ ಅಷ್ಟಾದರೂ ಉಳಿದೀತು. ಆಮೇಲೆ ಮೆಲ್ಲನೆ ಸಮೀಪಿಸಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು. ಮೇಲಿನಿಂದ ಒಂದು, ಹೊಟ್ಟೆಯ ಪಟ್ಟೆಗಳಿಗಾಗಿ; ಪಕ್ಕದಿಂದ ಒಂದು, ಎದೆಯ ಅಂಚಿಗೂ ಕಾಲುಗಳಿಗೂ; ಎದುರಿನಿಂದ ಒಂದು, ಮುಖಕ್ಕೂ ಕಣ್ಣುಗಳಿಗೂ; ಸಾಧ್ಯವಾದರೆ ರೆಕ್ಕೆಯ ನರಗಳು ಕಾಣುವಂತೆ ಇನ್ನೊಂದು. ನಡುಹಗಲ ಬಿಸಿಲು ಹಳದಿಯನ್ನು ಬಿಳಿಯಾಗಿ ಮಾಡುವುದು. ಬೆಳಗಿನ ಹೊತ್ತು ನೊಣವು ಮಂದವಾಗಿರುವುದರಿಂದ ನಮಗೂ ಅನುಕೂಲ.

ಎಲ್ಲ ಚಿತ್ರಗಳೂ ಒಂದೇ ನೊಣದ್ದಾಗಿರಬೇಕು. ಒಂದರ ಬೆನ್ನನ್ನೂ ಮತ್ತೊಂದರ ಮುಖವನ್ನೂ ಕೂಡಿಸಿದರೆ ಲೋಕದಲ್ಲಿಲ್ಲದ ಮೂರನೆಯದು ಹುಟ್ಟೀತು. ಚಿತ್ರದಲ್ಲಿ ಅಳತೆ ತಿಳಿಯದು. ಇರುವೆಯಷ್ಟಿದ್ದುದೂ ಜೇನಿನಷ್ಟಿದ್ದುದೂ ಪರದೆಯ ಮೇಲೆ ಒಂದೇ ಗಾತ್ರವಾಗುವುವು. ಆದಕಾರಣ ಗಾತ್ರವನ್ನೂ, ಊರು, ತಾರೀಖು, ಹೊತ್ತು, ಹೂವು ಇವುಗಳನ್ನೂ ಆಗಲೇ ಬರೆದಿಡಬೇಕು. ಊರೂ ತಾರೀಖೂ ಇಲ್ಲದ ಚಿತ್ರವು ವಿಳಾಸವಿಲ್ಲದ ಕಾಗದದಂತೆ.

ಮೊಬೈಲಿನಲ್ಲಿಯೇ ಹೆಸರನ್ನು ಸೂಚಿಸುವ ಸಾಧನಗಳು ಈಗ ಇವೆ. ಅವುಗಳನ್ನು ಬಳಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಯಂತ್ರವು ತಾನು ಹೆಚ್ಚಾಗಿ ನೋಡಿದ ಚಿತ್ರಗಳಿಗೆ ಹೋಲುವ ಹೆಸರನ್ನು ಮುಂದಿಡುವುದು. ಚಿತ್ರದಲ್ಲಿ ಕಾಣದ ತೊಡೆಯನ್ನು ಅದೂ ಕಾಣದು. ಅದು ಕೊಟ್ಟ ಹೆಸರನ್ನು ಉತ್ತರವೆಂದು ಎಣಿಸದೆ, ಪರೀಕ್ಷಿಸಬೇಕಾದ ಪ್ರಶ್ನೆಯೆಂದು ಎಣಿಸಬೇಕು.

ಒಂದು ಅಭ್ಯಾಸ

ಮನೆಯಲ್ಲಿ ಮಕ್ಕಳೊಡನೆ ಮಾಡಬಹುದಾದ ಒಂದು ಅಭ್ಯಾಸವನ್ನು ಇಲ್ಲಿ ಕೊಡುತ್ತೇವೆ. ಕಾಗದವನ್ನು ಮೂರು ಕಲಮುಗಳಾಗಿ ಗೆರೆಹಾಕಿ, ಕಂಡದ್ದು, ಊಹಿಸಿದ್ದು, ಕಾಣದ್ದು ಎಂದು ತಲೆಬರಹ ಕೊಡಬೇಕು. ಕೊತ್ತಂಬರಿ ಹೂವಿನ ಮೇಲೆ ಕುಳಿತ ಒಂದು ನೊಣದ ಚಿತ್ರವು, ಮೇಲಿನಿಂದ ತೆಗೆದದ್ದು, ನಮ್ಮ ಮುಂದಿದೆಯೆಂದು ಇಟ್ಟುಕೊಳ್ಳೋಣ.

ಕಂಡದ್ದು: ರೆಕ್ಕೆ ಎರಡು, ಕಣ್ಣುಗಳು ನೆತ್ತಿಯಲ್ಲಿ ತಾಗಿವೆ, ಎದೆಯ ಹಿಂತುದಿಯ ಸಣ್ಣ ಗುರಾಣಿಯಂಥ ಭಾಗವು ಹಳದಿ, ಹೊಟ್ಟೆಯು ಕಪ್ಪು, ಮೇಲೆ ಜೊತೆಜೊತೆಯಾಗಿ ಹಳದಿ ಗುರುತುಗಳು. ಊಹಿಸಿದ್ದು: ಹೇನುತಿನ್ನುವ ಬಳಗದ ಗಂಡು, ನಮ್ಮ ಕಡೆ ಸಾಧಾರಣವಾದ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಆಗಿರಬಹುದು. ಕಾಣದ್ದು: ಎದೆಯ ಪಕ್ಕ, ಮುಖ, ಹಿಂಗಾಲಿನ ಬುಡ. ಇಲ್ಲಿಗೆ ನಿಲ್ಲಿಸಬೇಕು.

ಈಗ ಅದೇ ನೊಣದ ಪಕ್ಕದ ಚಿತ್ರವೊಂದು ದೊರೆಯಿತೆನ್ನೋಣ. ಎದೆಯ ಅಂಚಿನುದ್ದಕ್ಕೂ ಅಚ್ಚ ಹಳದಿಯ ಗೆರೆಯಿದೆ; ಮುಖವು ಹಳದಿ; ಹಿಂಗಾಲಿನ ಬುಡದಲ್ಲಿ, ಈ ಕುಲದ ಗಂಡಿಗೆ ವಿಶೇಷವಾದ ಮುಳ್ಳಿನಂಥ ಚಾಚು ಕಾಣುತ್ತದೆ. ಆಗ ಎರಡನೆಯ ಕಲಮಿನಲ್ಲಿದ್ದ ಹೆಸರನ್ನು ಧೈರ್ಯವಾಗಿ ಮೊದಲನೆಯ ಕಲಮಿನ ಆಧಾರದ ಮೇಲೆ ಬರೆಯಬಹುದು. ಮೊದಲನೆಯ ಚಿತ್ರದಲ್ಲಿಯೇ ಆ ಹೆಸರನ್ನು ಬರೆದುಬಿಟ್ಟ ಹುಡುಗಿಯ ಉತ್ತರವೂ ಕಡೆಗೆ ಸರಿಯಾಯಿತಲ್ಲ ಎಂದು ಯಾರಾದರೂ ಹೇಳಬಹುದು. ಸರಿಯಾದದ್ದು ನಿಜ, ಆದರೆ ಅವಳಿಗೆ ಅದು ತಿಳಿದಿರಲಿಲ್ಲ. ಊಹೆಯು ಸರಿಯಾದ ಮಾತ್ರಕ್ಕೆ ಅದು ಜ್ಞಾನವಾಗುವುದಿಲ್ಲ.

ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ

ನಮ್ಮ ಪಾಠದ ಸಾರವು ಇಲ್ಲಿಯೇ ಇದೆ. ನಮ್ಮ ಮಕ್ಕಳು ಓದುವ ಕಾಲದಲ್ಲಿ ಪ್ರಶ್ನೆಗೆ ಉತ್ತರವು ಬೇಗನೆ ಬೇಕು, ಪೂರ್ತಿಯಾಗಿ ಬೇಕು. ಉತ್ತರದ ಜಾಗವನ್ನು ಖಾಲಿ ಬಿಟ್ಟು ಬಂದ ಮಗಳನ್ನು ಮನೆಯಲ್ಲಿ ಗದರಿಸುವರು. ಏನಾದರೂ ಬರೆದು ಬರಬೇಕಾಗಿತ್ತೆಂದು ಹೇಳುವರು. ಪೋಷಕರ ಆತಂಕವನ್ನು ನಾವು ಅರಿಯೆವೆಂದಲ್ಲ. ಆದರೆ ಏನಾದರೂ ಬರೆಯುವುದನ್ನು ಕಲಿತ ಹುಡುಗಿಯು ಮುಂದೆ ರೋಗಿಯ ಚೀಟಿಯಲ್ಲಿ, ಕಚೇರಿಯ ಲೆಕ್ಕದಲ್ಲಿ, ನೆರೆಯವರ ಶೀಲದ ವಿಷಯದಲ್ಲಿಯೂ ಏನಾದರೂ ಬರೆದಾಳು. ಈ ಚಿತ್ರದಲ್ಲಿ ಕಾಣುವುದಿಲ್ಲವೆಂದು ಕಾರಣಸಹಿತವಾಗಿ ಬರೆಯುವ ಹುಡುಗಿಯು ಸುಮ್ಮನೆ ಖಾಲಿ ಬಿಟ್ಟವಳಲ್ಲ. ಏನು ಕಂಡಿತು, ಏನು ಕಾಣಲಿಲ್ಲ, ಇನ್ನೇನು ಬೇಕು ಎಂಬ ಮೂರನ್ನೂ ಅವಳು ಬಲ್ಲಳು. ನಮ್ಮ ತರಗತಿಯಲ್ಲಿ ಅಂಥ ಉತ್ತರಕ್ಕೆ ಪೂರ್ಣ ಅಂಕಗಳನ್ನು ಕೊಡುವ ವಾಡಿಕೆಯಿಟ್ಟುಕೊಂಡಿದ್ದೇವೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಕೋರಿಕೆಯುಂಟು. ಚಿತ್ರಗಳನ್ನು ಕಳುಹಿಸುವುದನ್ನು ನಿಲ್ಲಿಸಬೇಡಿರಿ. ಆದರೆ ಇನ್ನು ಮೇಲೆ ಒಂದಕ್ಕೆ ಬದಲಾಗಿ ಮೂರನ್ನು ಕಳುಹಿಸಿರಿ: ಬೆನ್ನು, ಪಕ್ಕ, ಮುಖ. ಊರು, ತಾರೀಖು, ಹೂವಿನ ಹೆಸರನ್ನು ಸೇರಿಸಿರಿ. ನಮ್ಮ ಉತ್ತರವು ಕುಲದ ಹೆಸರಿಗೇ ನಿಂತಿದ್ದರೆ ಬೇಸರಪಡದೆ, ಇನ್ನೊಂದು ಬೆಳಗ್ಗೆ ಅದೇ ಪಾತಿಯ ಬಳಿ ಹೋಗಿ ನಿಲ್ಲಿರಿ. ಈ ಸಲ ಅವರೆಗೆ ಹೇನು ಹತ್ತಿದಾಗ, ಔಷಧಿಯ ಡಬ್ಬಿಯನ್ನು ತೆರೆಯುವ ಮೊದಲು ಎಲೆಯನ್ನು ತಿರುಗಿಸಿ ನೋಡಿರಿ. ಕಾಲಿಲ್ಲದ ಆ ಸಣ್ಣ ಹುಳುವು ಅಲ್ಲಿದ್ದರೆ ಅದನ್ನು ಅದರ ಕೆಲಸಕ್ಕೆ ಬಿಡಿರಿ; ನಿಮ್ಮ ಮಕ್ಕಳನ್ನು ಕರೆದು ತೋರಿಸಿರಿ.